ಹುಲ್ಲು ಮೇಷ್ಟ್ರು ತೆರೆದ ಮೂಲೆ

ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಹಾಲಿನ ಸಂಘದ ತರಬೇತಿಗೆ ಒಮ್ಮೆ ಹೋಗಿ ಬಂದದ್ದೇ ತಡ, ಒಣಹುಲ್ಲಿಗೆ ಯೂರಿಯಾ ನೀರು ಚಿಮುಕಿಸಿ ಸತ್ವ ಹೆಚ್ಚಿಸುವ ವಿದ್ಯೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳತೊಡಗಿದರು. ಜನ ಗೇಲಿಗೆ ಹುಲ್ಲು ಮೇಷ್ಟ್ರು ಅಂದರು. ಇವರು ಅದನ್ನೇ ಬಿರುದೆಂದುಕೊಂಡು ಎದೆಯುಬ್ಬಿಸಿ ತಿರುಗಿದರು.

ಮೈಮುರಿದು ಮಾಡುವ ಕೆಲಸವೆಲ್ಲ ಸೊಸೆಯದು. ಮಾವ ಜಗಲಿಯಲ್ಲಿ ಕೂತು ಅಳತೆ ಹೇಳಿದರು. ಅವಳು ಯೂರಿಯಾ ಕರಗಿಸಿ, ಪದರ ಪದರಕ್ಕೂ ಚಿಮುಕಿಸಿ, ತುಳಿದು, ಟಾರ್ಪಾಲು ಹೊದಿಸಿ ಸುತ್ತಲೂ ಹಸಿಮಣ್ಣು ಮೆತ್ತಿದಳು. ಮೂರು ವಾರ ಗಾಳಿ ಸೋಕಕೂಡದು. ಒಳಗೇ ಹುಟ್ಟುವ ಘಾಟು ಹುಲ್ಲನ್ನು ಮೆತ್ತಗೆ ಮಾಡುತ್ತದೆ, ಬೂಷ್ಟು ಹಿಡಿಯದಂತೆ ಕಾಯುತ್ತದೆ. ಅವಳ ಅಚ್ಚುಕಟ್ಟು ಕಂಡ ಅಕ್ಕಪಕ್ಕದವರು, ಇದು ಚೆನ್ನಾಗಿ ಬಂದರೆ ತಮ್ಮ ಮನೆಯ ಹುಲ್ಲಿಗೂ ಅವಳನ್ನೇ ಕರೆಯುತ್ತೇವೆ ಅಂದಿದ್ದರು. ಅವಳಿಗೆ ಅದೇ ಆಸೆ.

ಮಾವನಿಗೆ ಬೇರೆ ಚಪಲ. ಯಾರು ಬಂದರೂ ಬಾಗಿಲ ಕಡೆಯ ಮೂಲೆಯ ಮಣ್ಣು ಕೆದರಿ, ಟಾರ್ಪಾಲು ಎತ್ತಿ, "ಮೂಸಿ ನೋಡಿ" ಅನ್ನುವರು. ಬಂದವರು ಕಣ್ಣೊರೆಸಿಕೊಂಡು ಹಿಂದೆ ಸರಿದರೆ ಇವರಿಗೆ ಎಲ್ಲಿಲ್ಲದ ಖುಷಿ.

"ಮಾವ, ಪದೇ ಪದೇ ತೆಗೀಬೇಡಿ" ಅಂದಳು ಸೊಸೆ.

"ನನಗೇ ಪಾಠ ಹೇಳ್ತೀಯಾ?" ಎಂದು ನಕ್ಕರು.

ಮೂರು ವಾರ ಕಳೆದು, ನೆರೆದವರೆದುರು ಅದೇ ಮೂಲೆಯಿಂದ ಟಾರ್ಪಾಲು ಸರಿಸಿದರು. ಕೈಗೆ ಬಂದದ್ದು ಬೂದುಬಣ್ಣದ ಬೂಷ್ಟು. ಮೇಷ್ಟ್ರ ಮುಖ ಇಷ್ಟೇ ಇಷ್ಟಾಯಿತು. ಬಾಯಿಗೆ ಬಂದದ್ದನ್ನು ಆಡಿಬಿಟ್ಟರು:

"ಸೊಸೆಗೆ ಬಡ್ಕೊಂಡೆ, ಮಣ್ಣು ಸರಿಯಾಗಿ ಮೆತ್ತು ಅಂತ. ಕೇಳ್ಬೇಕಲ್ಲ."

ಹುಲ್ಲು ತಿನ್ನಿಸಿ ತೋರಿಸಲೆಂದು ಹಸುವಿನ ಹಗ್ಗ ಹಿಡಿದು ನಿಂತಿದ್ದ ಸೊಸೆ ತಲೆ ತಗ್ಗಿಸಿದಳು. ಜನ ಲೊಚಗುಟ್ಟುತ್ತ ಚದುರಿದರು.

ಎಲ್ಲರೂ ಹೋದ ಮೇಲೆ ಮೇಷ್ಟ್ರು ಟಾರ್ಪಾಲನ್ನು ಪೂರ್ತಿ ಎಳೆದರು. ಬೂಷ್ಟು ಇದ್ದದ್ದು ಆ ಮೂಲೆಯಲ್ಲಿ, ಒಂದು ಮೊಳದಷ್ಟು. ಅವಳು ಮೆತ್ತಿದ ಉಳಿದೆಲ್ಲ ಕಡೆ ಹುಲ್ಲು ಕಂದುಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಮೂಗಿಗೆ ಬಡಿಯುವ ಘಾಟಿನಿಂದ ತುಂಬಿತ್ತು. ಮೇಷ್ಟ್ರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಸೊಸೆ ಬುಟ್ಟಿ ತಂದು ಬೂಷ್ಟು ಹಿಡಿದದ್ದನ್ನು ತುಂಬಿಕೊಂಡಳು. "ಇದನ್ನ ಗುಂಡಿಗೆ ಸುರಿದುಬಿಡ್ತೀನಿ ಮಾವ. ಕೆಟ್ಟಿದ್ದು ಈ ಮೂಲೆ ಒಂದೇ ಅಂತ ಯಾರಿಗೂ ಗೊತ್ತಾಗಲ್ಲ." ಅವಳ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಅವರಿಗೆ.

ಬೆಳಿಗ್ಗೆ ಹಾಲು ಹಾಕುವ ಸಾಲಿನಲ್ಲಿ, ಸೊಸೆ ಪಕ್ಕದಲ್ಲಿರುವಾಗಲೇ, ಗಟ್ಟಿಯಾಗಿ ಹೇಳಿದರು: "ಅವಳು ಮೆತ್ತಿದ ಕಡೆ ಹುಲ್ಲು ಚೆನ್ನಾಗೇ ಇದೆ. ನಾನು ತೆಗೆದೂ ತೆಗೆದೂ ತೋರಿಸಿದ ಮೂಲೆ ಮಾತ್ರ ಕೆಟ್ಟಿದೆ. ತಪ್ಪು ನಂದು."

ಹಾಲು ಅಳೆಯುವವನು ನಕ್ಕ. "ಸೊಸೆ ತಪ್ಪನ್ನ ತಲೆ ಮೇಲೆ ಹಾಕ್ಕೊಳ್ಳೋಕೂ ದೊಡ್ಡ ಮನಸ್ಸು ಬೇಕು ಮೇಷ್ಟ್ರೇ."

"ಇಂಥ ಮಾವ ಸಿಗೋಕೆ ನೀನು ಪುಣ್ಯ ಮಾಡಿದ್ದೆ ಕಣಮ್ಮ" ಅಂದಳು ನೆರೆಮನೆಯಾಕೆ. "ನಮ್ಮನೆ ಹುಲ್ಲಿಗೆ ನೀವೇ ಬನ್ನಿ ಮೇಷ್ಟ್ರೇ. ಇವಳ ಕೈಗೆ ಬಿಡೋದು ಬೇಡ."

ಮೇಷ್ಟ್ರು "ಅಲ್ಲ, ನಿಜವಾಗ್ಲೂ..." ಎಂದಷ್ಟೂ ಜನ ಮೆಚ್ಚಿ ಇನ್ನಷ್ಟು ತಲೆದೂಗಿದರು.

ಸೊಸೆ ಖಾಲಿ ಕ್ಯಾನು ಎತ್ತಿಕೊಂಡಳು. "ನಡೀರಿ ಮಾವ, ಹಸು ಕಾಯ್ತಿರುತ್ತೆ."

ದಾರಿಯುದ್ದಕ್ಕೂ ಜನ ಅವರಿಗೆ ಕೈಮುಗಿದರು. ಅವರು ಸೊಸೆಯ ಹಿಂದೆ ತಲೆ ಎತ್ತದೆ ನಡೆದರು.