ಸ್ಪೀಡ್ ಜಾಸ್ತಿಯಾದ ಲ್ಯಾಪ್‌ಟಾಪ್

ಮಕ್ಕಳೇ, ನಿಮ್ಮ ಅಕ್ಕನ ಲ್ಯಾಪ್‌ಟಾಪ್‌ಗೆ ಹೊಸ ಮೆಮೊರಿ ಹಾಕಿಸಿದ ಮೇಲೆ ಅದು ಆಗಾಗ ಪರದೆ ನೀಲಿಯಾಗಿ ನಿಂತುಬಿಡುತ್ತಿತ್ತು. ಮರುದಿನ ಕಾಲೇಜಿಗೆ ಒಪ್ಪಿಸಬೇಕಾದ ಬರಹ ಅರ್ಧಕ್ಕೇ ಉಳಿದು ಅವಳಿಗೆ ಅಳುವೇ ಬಂದಿತ್ತು. ಅವಳೂ ನಾನೂ ಮಾನ್ವಿಯಿಂದ ಬಸ್ಸು ಹತ್ತಿ ರಾಯಚೂರಿನ ರಿಪೇರಿ ಅಂಗಡಿಗೆ ಹೋದೆವು.

ಅಂಗಡಿಯವರು ಪರೀಕ್ಷೆ ಮಾಡಿ, "ಸ್ಪೀಡ್ ಜಾಸ್ತಿ ಆಗ್ಯಾದ್ರಿ, ತಡಕೊಳ್ಳಾಕ ಆಗವಲ್ದು" ಎಂದರು.

ಹೊರಗಿನವರೆದುರು ಬಾಯಿಬಿಡದ ನಾನು ಅಂದು ಸುಮ್ಮನಿರಲಾರದೆ ಅವಳಿಗೆ ಹೇಳಿಬಿಟ್ಟೆ: "ನಾ ಹೇಳಿರ್ಲಿಲ್ಲೇನ್ ಬೇ? ಪಟಪಟ ಒತ್ತಬ್ಯಾಡ, ಮೆಲ್ಲಗ ಒತ್ತು ಅಂತ!"

"ಯವ್ವಾ, ಬೆರಳಿನ ಸ್ಪೀಡ್ ಅಲ್ರಿ, ಒಳಗಿನ ಮೆಮೊರಿದು" ಎಂದು ಅವರು ನಕ್ಕು, ಅದರ ವೇಗವನ್ನು ಸ್ವಲ್ಪ ಇಳಿಸಿಕೊಟ್ಟರು.

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಳಿತು ಬರಹ ಮುಗಿಸಿದಳು. ಲ್ಯಾಪ್‌ಟಾಪ್ ಒಮ್ಮೆಯೂ ನಿಲ್ಲಲಿಲ್ಲ. ನಾನು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರೂ ನನ್ನ ನಗು ಮಾತ್ರ ನಿಲ್ಲಲೊಲ್ಲದಾಯಿತು.