ನೇಕಾರರ ಬೀದಿಯ ಚೂರುಪಟ

ಅನಂತಪುರ ಸೀಮೆಯ ಕನ್ನಡ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿದ ಉಪಾಧ್ಯಾಯರು ಹಲವರಿದ್ದರೂ, ಬಣ್ಣದ ಡಬ್ಬಿಯನ್ನು ಬದಿಗಿಟ್ಟು, ಕಸುಬುದಾರರ ಅಂಗಳದಲ್ಲಿ ಉದುರಿಬಿದ್ದ ಚೂರುಗಳಿಂದಲೇ ಚಿತ್ರ ಕಟ್ಟಬಹುದೆಂದು ತೋರಿಸಿಕೊಟ್ಟವರು ಶ್ರೀಯುತ ಅಮರೇಶಪ್ಪನವರೊಬ್ಬರೇ ಎಂದರೆ ಅತಿಶಯೋಕ್ತಿಯಾಗಲಾರದು. ದರ್ಜಿಯ ಕತ್ತರಿಗೆ ಸಿಕ್ಕು ಬಿದ್ದ ಬಟ್ಟೆ, ಮಗ್ಗದ ಕೆಳಗಿನ ನೂಲಿನ ತುಂಡು, ಬಳೆಗಾರರ ಒಡಕು ಗಾಜು, ಮೇದರ ಬಿದಿರಿನ ಸೀಳು, ಕಂಚುಗಾರರ ತಗಡಿನ ಅಂಚು, ಇವೆಲ್ಲವನ್ನೂ ಹುಣಿಸೆಬೀಜದ ಅಂಟಿನಿಂದ ಹಲಗೆಯ ಮೇಲೆ ಕೂಡಿಸಿ ಅವರು ಮಾಡಿದ ಚಿತ್ರಗಳನ್ನು ಹಿಂದೂಪುರದ ಮಕ್ಕಳು ‘ಚೂರುಪಟ’ ಎಂದು ಕರೆದರು. ಆ ಹೆಸರೇ ನಿಂತಿತು. ಇಂದು ಅವರು ಕಲ್ಯಾಣದುರ್ಗದ ಶಾಲೆಯಿಂದ ನಿವೃತ್ತರಾಗುತ್ತಿರುವಾಗ ಆ ಪಟಗಳನ್ನು ಹೊಗಳುವವರು ಬಹಳ. ಅವುಗಳ ದೆಸೆಯಿಂದಲೇ ಅವರು ಎಷ್ಟು ಕಾಲ ಜನರ ಅನುಮಾನಕ್ಕೆ ಗುರಿಯಾಗಿ ಬಾಳಿದರೆಂಬುದನ್ನು ಬಲ್ಲವರು ಕಡಿಮೆ.

ಅಮರೇಶಪ್ಪನವರು ಕಲ್ಯಾಣದುರ್ಗದ ಬಟ್ಟೆ ವ್ಯಾಪಾರಿ ದೊಡ್ಡಬಸಪ್ಪನವರ ಮಗ. ಅಂಗಡಿಯ ಗಾದಿ ಬಿಟ್ಟು ಚಿತ್ರಕಲೆಯ ಪರೀಕ್ಷೆ ಮುಗಿಸಿ ಹಿಂದೂಪುರದ ಶಾಲೆಗೆ ಸೇರಿದಾಗ, ವ್ಯಾಪಾರಸ್ಥರ ಮನೆಯ ಹುಡುಗ ಸೀಮೆಸುಣ್ಣ ಹಿಡಿದದ್ದೇಕೆಂದು ಜನ ಆಗಲೇ ಆಡಿಕೊಂಡಿದ್ದರು. ಯುದ್ಧದ ಕಾಲದಲ್ಲಿ ಬಣ್ಣವೂ ಕಾಗದವೂ ಸಿಗದಂತಾಗಿ, ಕೊಳ್ಳಲಾರದ ಮಕ್ಕಳು ಚಿತ್ರದ ತರಗತಿಯಲ್ಲಿ ಕೈಕಟ್ಟಿ ಕೂರುವುದನ್ನು ನೋಡಲಾರದೆ ಅವರು ಚೂರು ಆಯಲು ಹೊರಟರು. ತೊಡುವ ರವಿಕೆಯ ತುಂಡು ಪರರ ಕೈ ಸೇರಿದರೆ ಮಾಟಕ್ಕೆ ಬಳಕೆಯಾದೀತೆಂದು ಹೆಂಗಸರು ಅಂಜಿದರು. ಮೇಷ್ಟರು ಅದಕ್ಕೆ ಬೇಸರಪಡದೆ, ಶಾಲೆಯ ಜಗಲಿಯ ಮೇಲೆ, ಹೋಗಿಬರುವವರ ಕಣ್ಣೆದುರಿಗೇ ಹಲಗೆಯಿಟ್ಟುಕೊಂಡು ಕೂತರು. ಆ ಭಯ ಹೇಗೋ ಕಳೆಯಿತು.

ಅವರ ಪಟಗಳಲ್ಲೆಲ್ಲ ದೊಡ್ಡದೆಂದರೆ ನೇಕಾರರ ಬೀದಿಯ ಪಟ. ಬೀದಿಯ ಒಂದೊಂದು ಮನೆಯನ್ನೂ ಆಯಾ ಮನೆಯ ನೂಲಿನ ಚೂರುಗಳಿಂದಲೇ ಕಟ್ಟಬೇಕೆಂಬುದು ಅವರ ಆಸೆ. ಮನೆಗಳ ಸಾಲನ್ನು ಮಾತ್ರ ತಮಗೆ ಚೆಂದ ಕಂಡಂತೆ ಕೂಡಿಸಿದ್ದರಿಂದ, ಯಾವುದು ಯಾರ ಮನೆಯೆಂಬುದು ಅವರೊಬ್ಬರಿಗೇ ತಿಳಿದಿತ್ತು.

ಅದು ನೂಲಿಗೆ ನಿಯಂತ್ರಣ ಬಂದಿದ್ದ ಕಾಲ. ಸರ್ಕಾರ ಹಂಚುವ ನೂಲಿನಿಂದ ಮಗ್ಗ ನಡೆಯದೆ, ನೇಕಾರರು ಕೊಡಿಕೊಂಡದ ಗಡಿ ದಾಟಿ ಮೈಸೂರು ಸೀಮೆಯಿಂದ ಗುಟ್ಟಾಗಿ ಬರುತ್ತಿದ್ದ ಪಚ್ಚೆಬಣ್ಣದ ಮಿಲ್ ನೂಲನ್ನು ಕೊಳ್ಳುತ್ತಿದ್ದರು. ಮೇಷ್ಟರು ಕೊಂಡಪ್ಪನೆಂಬ ನೇಕಾರನ ಮನೆಯಿಂದ ಚೂರು ತಂದ ವಾರದಲ್ಲೇ ಅಧಿಕಾರಿಗಳು ಆ ಮನೆಯನ್ನು ಶೋಧಿಸಿ ನೂಲನ್ನು ಹೊತ್ತೊಯ್ದರು. ಮಗ್ಗ ನಿಂತಿತು. ಕೊಂಡಪ್ಪನ ಹೆಂಡತಿ ಬನಶಂಕರಮ್ಮ ಶಾಲೆಯ ಬಾಗಿಲಿಗೇ ಬಂದು ನಿಂತಳು.

“ನೀವು ಚೂರು ಆಯ್ಕಂಡು ಹೋದ ಮ್ಯಾಲೇನೆ ಅವ್ರು ಬಂದ್ರು ಮೇಷ್ಟ್ರೇ. ನಾ ಏನಂತ ತಿಳ್ಕಳ್ಳಿ, ನೀವೇ ಹೇಳಿ.”

ಅಂದಿನಿಂದ ಮೇಷ್ಟರು ಬೀದಿಗೆ ಕಾಲಿಟ್ಟರೆ ಕದಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ನೇಕಾರರ ಮಕ್ಕಳು ಚೂರು ತರುವುದನ್ನು ಬಿಟ್ಟರು. ನಿಜವಾಗಿ ಸುದ್ದಿ ಕೊಟ್ಟವರು ಯಾರೆಂಬುದು ಇಂದಿಗೂ ಗೊತ್ತಾಗಿಲ್ಲ.

ಕೆಲವು ದಿನ ಕಳೆದು ಆ ಶೋಧಕ್ಕೆ ಬಂದವರಲ್ಲೊಬ್ಬ ಅಧಿಕಾರಿ ಶಾಲೆಗೆ ಬಂದರು. ಗೋಡೆಯ ಮೇಲಿನ ಪಟದ ಮುಂದೆ ಬಹಳ ಹೊತ್ತು ನಿಂತು, ಅಲ್ಲಲ್ಲಿ ಮಿನುಗುತ್ತಿದ್ದ ಪಚ್ಚೆಯ ಎಳೆಗಳ ಮೇಲೆ ಬೆರಳಾಡಿಸಿ, ಬಲು ನಯವಾಗಿ ಕೇಳಿದರು. “ಈ ಪಚ್ಚೆ ಇರೋ ಮನೆಗಳು ಯಾರವು? ಹೆಸರು ಮಾತ್ರ ಹೇಳಿ ಮಾಸ್ಟಾರೂ, ಚಾಲು, ಅಷ್ಟೇ ಸಾಕು. ನಿಮ್ಮ ಹೆಸರು ಹೊರಗೆ ಬರಲ್ಲ.”

ಬೀದಿಯವರ ಲೆಕ್ಕದಲ್ಲಿ ತಾವು ಆಗಲೇ ಚಾಡಿಕೋರರು. ಹೇಳಿದರೂ ಅದೇ, ಹೇಳದಿದ್ದರೂ ಅದೇ ಎಂದು ಮೇಷ್ಟರಿಗೆ ಹೊಳೆಯದಿರಲಿಲ್ಲ. ಆದರೂ ಅವರು, “ಗಾಳಿಗೆ ಬೀದೀಲಿ ಹಾರಾಡ್ತಿದ್ದ ಚೂರು ಸ್ವಾಮಿ. ಯಾವ ಮನೇದು ಅಂತ ಹೆಂಗೆ ಹೇಳ್ಲಿ?” ಎಂದರು. ಅಧಿಕಾರಿ ನಂಬಲಿಲ್ಲ. ಸೋಮವಾರ ಬಂದು ಪಟವನ್ನು ವಶಪಡಿಸಿಕೊಳ್ಳುವುದಾಗಿಯೂ, ಅದನ್ನು ಮನೆಮನೆಗೆ ಹೊರಿಸಿ ಎಳೆಗೆ ಎಳೆ ತಾಳೆ ನೋಡುವುದಾಗಿಯೂ ಹೇಳಿ ಹೋದರು.

ಭಾನುವಾರ ಮಟಮಟ ಮಧ್ಯಾಹ್ನ ಅಮರೇಶಪ್ಪನವರು ಶಾಲೆಯ ಬೀಗ ತೆಗೆಸಿ ಒಳಹೊಕ್ಕರು. ಅಳಲೆಕಾಯಿ ಬೇಯಿಸಿ ಕಬ್ಬಿಣದ ತುಕ್ಕು ಕಲಸಿದ ಮಸಿಯನ್ನು ಕೊಡದ ತುಂಬ ಹೊತ್ತು ತಂದವಳು ಶಾಲೆಯ ಕಸಗುಡಿಸುವ ಉಡುಸಲಮ್ಮ. ಬೀದಿಯ ಮೊದಲ ಮನೆಯ ಮೇಲೆ ಕುಂಚವಿಡುವಾಗ ಅವರ ಕೈ ತಡೆಯಿತು. ಆಮೇಲೆ ತಡೆಯಲಿಲ್ಲ. ಮನೆಗಳು, ಅಂಗಳ, ಬಳೆಚೂರಿನ ಆಕಾಶ ಎಲ್ಲವೂ ಒಂದೇ ಕಪ್ಪಾದವು. ಇಷ್ಟು ಚೆಂದದ್ದನ್ನು ಯಾಕಯ್ಯಾ ಹೀಗೆ ಮಾಡಿದಿರೆಂದು ಉಡುಸಲಮ್ಮ ಕಣ್ಣೊರೆಸಿಕೊಂಡಳು. “ಯಾರಿಗೂ ಹೇಳ್ಬೇಡ ಕಣಮ್ಮ, ನಿನ್ನ ಕೆಲ್ಸಾನೂ ಹೋಯ್ತದೆ,” ಎಂದಷ್ಟೇ ಮೇಷ್ಟರ ಮಾತು.

ಮಸಿಯ ಕೊಡ ಮಗುಚಿತೆಂದು ಅವರು ಸೋಮವಾರ ಹೇಳಿದ್ದನ್ನು ಯಾರೂ ನಂಬಲಿಲ್ಲ. ಸುಳ್ಳೆಂದು ತೋರಿಸಲೂ ಆಗಲಿಲ್ಲ. ಶಾಲೆಯ ಸ್ವತ್ತು ಹಾಳುಮಾಡಿದ ಆರೋಪ ಹೊರಿಸಿ ಅವರನ್ನು ಕಲ್ಯಾಣದುರ್ಗಕ್ಕೆ ವರ್ಗ ಮಾಡಲಾಯಿತು. ಇತ್ತ ನೇಕಾರರ ಬೀದಿ ತನ್ನದೇ ಅರ್ಥ ಕಟ್ಟಿತು: ಚಾಡಿ ಹೇಳಿದ್ದಕ್ಕೆ ಹುಟ್ಟೂರೇ ಬಹುಮಾನ, ಪಟಕ್ಕೆ ಮಸಿ ಬಳಿದದ್ದು ಅಪ್ಪನ ಬಟ್ಟೆ ಅಂಗಡಿಯ ಕಳ್ಳವ್ಯಾಪಾರ ಮುಚ್ಚಿಡಲಿಕ್ಕೆ.

ಆ ಮಾತು ಅವರಿಗಿಂತ ಮೊದಲೇ ಕಲ್ಯಾಣದುರ್ಗ ಮುಟ್ಟಿತ್ತು. ಮುಖ್ಯೋಪಾಧ್ಯಾಯ ಕೊಟ್ಟೂರಪ್ಪನವರು ಸಜ್ಜನರೇ. ಆದರೂ ಮೇಷ್ಟರು ಮನೆಗೆ ಹೊರಟಾಗ ಅವರ ಕೈಚೀಲದೊಳಗೆ ಒಮ್ಮೆ ಕಣ್ಣು ಹಾಯಿಸದೆ ಕಳಿಸುತ್ತಿರಲಿಲ್ಲ. ಸೆಟ್ಟೂರಿನಿಂದ ಸಂತೆಗೆ ಬರುತ್ತಿದ್ದ ಕಂಬಳಿ ನೇಯುವವರು ಅವರನ್ನು ಕಂಡರೆ ಮಾಲನ್ನು ಮಡಚಿಡುತ್ತಿದ್ದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಆ ಅನುಮಾನದ ರೋಗ ಮೇಷ್ಟರಿಗೂ ಅಂಟಿತು. ಯಾರಾದರೂ ನಕ್ಕು ಮಾತಾಡಿಸಿದರೆ ಇದರ ಹಿಂದೇನಿದೆಯೋ ಎಂದುಕೊಳ್ಳುವರು. ಅಧಿಕಾರಿಯನ್ನು ಶಾಲೆಗೆ ಕರೆತಂದವರು ಯಾರಿರಬಹುದೆಂದು ಹಳೆಯ ಸಹೋದ್ಯೋಗಿಗಳ ಮುಖಗಳನ್ನು ಮನಸ್ಸಿನಲ್ಲೇ ತಿರುವಿಹಾಕುವರು. ಇಷ್ಟಾದರೂ ಮಕ್ಕಳಿಗೆ ಚೂರಿನಲ್ಲಿ ಚಿತ್ರ ಕಟ್ಟುವುದನ್ನು ಕಲಿಸುವುದು ಒಂದು ದಿನವೂ ನಿಲ್ಲಲಿಲ್ಲ. ಮನೆಗಳಿಂದ ಮಾತ್ರ ಅವರು ಏನನ್ನೂ ಕೇಳಿ ತರುತ್ತಿರಲಿಲ್ಲ.

ನಿಯಂತ್ರಣ ಹೋಯಿತು, ಆ ಅಧಿಕಾರಿಯೂ ದೂರದೂರಿಗೆ ಹೋದರು. ಅದಾದ ಮೇಲೆ ಒಂದು ಬೆಳಿಗ್ಗೆ ಬನಶಂಕರಮ್ಮ ಗಂಟೊಂದನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿಳಿದು ಶಾಲೆಗೆ ಬಂದಳು. ಬಂದವಳು ಕೂರಲಿಲ್ಲ.

“ಉಡುಸಲಮ್ಮ ಮಸಿ ವಿಚಾರ ಎಲ್ಲಾ ಹೇಳಿದ್ಲು. ನಂಬಾದೋ ಬಿಡಾದೋ ತಿಳೀದೆ ನಾನೇ ಬಂದೆ. ನಿಜಾನಾ?”

“ಪಟ ಕರ್ರಗಾಯ್ತು ಕಣಮ್ಮ. ಅದೊಂದು ನಿಜ.”

ಅವಳು ಅವರ ಮುಖವನ್ನೇ ನೋಡಿದಳು. ಆಮೇಲೆ ಕೂತು ಗಂಟು ಬಿಚ್ಚಿ, ನೂಲಿನ ಚೂರುಗಳನ್ನು ಒಂದೊಂದಾಗಿ ಎತ್ತಿಡುತ್ತ, ಇದು ಶಂಕರಯ್ಯನ ಮನೆಯದು, ಇದು ಪದ್ಮಾವತಮ್ಮನ ಮಗ್ಗದ್ದು ಎಂದು ಹೇಳತೊಡಗಿದಳು. ಮೇಷ್ಟರು ಅರಿವಿಲ್ಲದೆಯೇ ಬಾಗಿಲ ಕಡೆ ನೋಡಿ, ಹೆಸರು ಬೇಡವೆಂದು ತಡೆದರು.

“ಈಗ ಬೇಕು. ಪಟದಾಗೆ ಹೆಸ್ರು ಬರೀರಿ, ಎಲ್ರಿಗೂ ಕಾಣಂಗೆ,” ಎಂದಳು.

ಗಂಟು ಬರಿದಾದ ಮೇಲೆ ಅವರು ಮೆಲ್ಲಗೆ, ಅವಳ ಮನೆಯ ಚೂರೆಲ್ಲಿ ಎಂದು ಕೇಳಿದರು.

“ನಮ್ಮೋರು ಕೊಡಾಕಿಲ್ಲ ಅಂದ್ರು. ಅವ್ರಿಗಿನ್ನೂ ನಿಮ್ಮ ಮ್ಯಾಲೆ ಅನುಮಾನ ಹೋಗಿಲ್ಲ.”

ಮೇಷ್ಟರು ತಲೆಯಾಡಿಸಿದರು. ಅವಳಿಗೆ ಮಜ್ಜಿಗೆ ತರಿಸಿ ಕುಡಿಸಿ, ಬಸ್ಸು ಹತ್ತಿಸಿ ಬಂದರು.

ನೇಕಾರರ ಬೀದಿಯ ಹೊಸ ಪಟ ಈಗ ಕಲ್ಯಾಣದುರ್ಗದ ಶಾಲೆಯಲ್ಲಿದೆ. ಪ್ರತಿ ಮನೆಯ ಕೆಳಗೂ ಒಂದೊಂದು ಹೆಸರು. ಕೊಂಡಪ್ಪನ ಮನೆಯ ಜಾಗದಲ್ಲಿ ಮಾತ್ರ ಬರಿಯ ಹಲಗೆ. ಸನ್ಮಾನದ ದಿನಕ್ಕೆ ಬೋಳಾಗಿ ಕಾಣುವುದೆಂದು, ಅಲ್ಲಿ ಯಾವುದಾದರೊಂದು ಚೂರು ಅಂಟಿಸಿರೆಂದು ಮಿತ್ರರು ಬಲವಂತ ಮಾಡಿದರೂ ಅವರು ಒಪ್ಪಲಿಲ್ಲ.

ನಿವೃತ್ತಿಯೆಂಬುದು ಶಾಲೆಯ ಗಂಟೆಗೆ ಸಂಬಂಧಿಸಿದ್ದೇ ಹೊರತು ಅವರ ಕೈಗಳಿಗಲ್ಲವೆಂದು ನಂಬಿರುವ ಶಿಷ್ಯವೃಂದವೂ ಸಹೋದ್ಯೋಗಿಗಳೂ, ಶ್ರೀಯುತ ಅಮರೇಶಪ್ಪನವರಿಗೆ ಕಣ್ಣಿನ ಕಸುವು ಮಾಸದ ದೀರ್ಘಾಯುಷ್ಯವನ್ನು ಹಾರೈಸುತ್ತಾರೆ. ಹಿಂದೂಪುರದ ನೇಕಾರ ಕೊಂಡಪ್ಪನವರಿಗೂ ಅಷ್ಟೇ ದೀರ್ಘವಾದ ಆಯುಷ್ಯವನ್ನು ಬೇಡಿಕೊಳ್ಳುತ್ತಾರೆ.