ಎರಡು ಹಾಸ್ಟೆಲಿನ ಪೋರ್ಟುಗಳು

ಬಂಟ್ವಾಳದ ನಮ್ಮ ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಮೇಡಂ, ಯಾರು ಏನು ಹೇಳಿದರೂ ಕನ್ನಡಕ ಒರೆಸುತ್ತಾ, "ಕಾರಣ ಹೇಳಿ, ಮತ್ತೆ ನೋಡುವ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾವು ಹುಡುಗಿಯರು ಲ್ಯಾಬಿನಲ್ಲಿದ್ದಾಗಲೇ ಪ್ರಿನ್ಸಿಪಾಲರು ಬಂದರು. "ಇವರ ಹಾಸ್ಟೆಲಿಗೆ ಇನ್ನು ಇಂಟರ್ನೆಟ್ ಬೇಡ. ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಇವರ ಕೇಬಲ್ ಸೇರುವ ಪೋರ್ಟ್ ಬಂದ್ ಮಾಡಿ."

"ಕಾರಣ ಹೇಳಿ ಸರ್."

"ಹುಡುಗಿಯರು ಹಾಳಾಗ್ತಾರೆ."

"ಹುಡುಗರು?"

ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು. ಮೇಡಂ ಅವರೆದುರೇ ಕಂಪ್ಯೂಟರಿನಲ್ಲಿ ನಮ್ಮ ಮತ್ತು ಹುಡುಗರ, ಎರಡೂ ಹಾಸ್ಟೆಲಿನ ಪೋರ್ಟುಗಳನ್ನು ಒಂದೇ ಗುಂಪಿಗೆ ಸೇರಿಸಿ, ಆ ಇಡೀ ಗುಂಪನ್ನೇ ಬಂದ್ ಮಾಡಿದರು.

"ಮಾಡಿದರೆ ಇಬ್ಬರಿಗೂ ಮಾಡ್ತೇನೆ ಸರ್. ಆಗದಿದ್ದರೆ ಬೇರೆ ಜನ ನೋಡಿಕೊಳ್ಳಿ."

ಪ್ರಿನ್ಸಿಪಾಲರು ಕೆಂಪಾಗಿ ಹೊರನಡೆದರು. ಮೇಡಂ ಅವರ ಕೆಲಸ ಹೋಯಿತೆಂದೇ ನಾವು ಹೆದರಿದೆವು. ಆದರೆ ನಮಗಾಗಿ ಎಂದೂ ಬಾಯಿ ತೆರೆಯದ ಹುಡುಗರು ಆ ಸಂಜೆಯೇ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತು ಕೂಗಾಡಿದರು. ಬೆಳಿಗ್ಗೆ ಪ್ರಿನ್ಸಿಪಾಲರೇ ಹೇಳಿ ಕಳಿಸಿದ ಮೇಲೆ ಮೇಡಂ ಆ ಇಡೀ ಗುಂಪನ್ನು ತೆರೆದರು; ಎರಡೂ ಹಾಸ್ಟೆಲಿಗೆ ಇಂಟರ್ನೆಟ್ ಬಂತು.